ಎನ್‌ಕ್ಲೆಕ್ಸ್ ಬರೆಯುವ ನರ್ಸ್‌ಗಳಿಗೆ: ಅರ್ಜಿ, ಓದು, ಪರೀಕ್ಷೆಯ ದಿನ

ವಾರ್ಡಿನಲ್ಲಿ ಎಂಟು-ಹತ್ತು ವರ್ಷ ದುಡಿದು ಕೈ ಪಳಗಿದ ಸಿಸ್ಟರ್‌ಗಳೂ ಎನ್‌ಕ್ಲೆಕ್ಸ್‌ನಲ್ಲಿ, ಅಂದರೆ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ, ಫೇಲಾಗುವುದುಂಟು. ಅವರಿಗೆ ವಿಷಯ ಗೊತ್ತಿಲ್ಲ ಎಂದಲ್ಲ. ನಮ್ಮ ಯೂನಿವರ್ಸಿಟಿ ಪರೀಕ್ಷೆ ‘ನ್ಯುಮೋನಿಯಾದ ಕಾರಣ, ಲಕ್ಷಣ, ಆರೈಕೆ ವಿವರಿಸಿ’ ಎನ್ನುತ್ತದೆ. ನೆನಪಿದ್ದಷ್ಟು ಬರೆದರೆ ಬರೆದಷ್ಟಕ್ಕೆ ಅಂಕ. ಎನ್‌ಕ್ಲೆಕ್ಸ್ ‘ಈ ನಾಲ್ವರಲ್ಲಿ ಮೊದಲು ಯಾರ ಹಾಸಿಗೆಯ ಬಳಿ ಹೋಗುತ್ತೀರಿ’ ಎನ್ನುತ್ತದೆ. ನಾಲ್ಕು ಉತ್ತರಗಳೂ ಸರಿಯಾಗಿಯೇ ಕಾಣುತ್ತವೆ, ಅಂಕ ಇರುವುದು ಒಂದಕ್ಕೆ. ತಯಾರಿಯೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಇರಬೇಕು.

ಎನ್‌ಸಿಎಸ್‌ಬಿಎನ್ ಎಂಬ ಸಂಸ್ಥೆ ನಡೆಸುವ ಎನ್‌ಕ್ಲೆಕ್ಸ್-ಆರ್‌ಎನ್ ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್‌ಗೆ ಬೇಕಾದ ಪರೀಕ್ಷೆ. 2015ರಿಂದ ಕೆನಡಾದ ಬಹುತೇಕ ಪ್ರಾಂತ್ಯಗಳೂ ಇದನ್ನೇ ತೆಗೆದುಕೊಳ್ಳುತ್ತವೆ. 2020ರಿಂದ ಆಸ್ಟ್ರೇಲಿಯಾಕ್ಕೆ ಹೋಗುವ ವಿದೇಶಿ ನರ್ಸ್‌ಗಳಲ್ಲೂ ಅನೇಕರು ಇದನ್ನು ದಾಟಬೇಕಾಗಿದೆ. ಬೆಂಗಳೂರೂ ಸೇರಿ ಭಾರತದ ಕೆಲವು ನಗರಗಳಲ್ಲಿ ಈ ಪರೀಕ್ಷೆ ನಡೆಸಿಕೊಡುವ ಪಿಯರ್ಸನ್ ವ್ಯೂ ಕಂಪನಿಯ ಕೇಂದ್ರಗಳಿವೆ, ಪರೀಕ್ಷೆಗೆಂದು ವಿದೇಶಕ್ಕೆ ಹೋಗಬೇಕಿಲ್ಲ. ಈ ಬರಹ ಅಮೆರಿಕದ ದಾರಿ ಹಿಡಿದವರಿಗೆ. ಓದುವ ಕ್ರಮ ಮಾತ್ರ ಮೂರೂ ದೇಶಗಳಿಗೆ ಒಂದೇ.

ಮೊದಲು ಕಾಗದಪತ್ರ

ಓದಿಗಿಂತ ಹೆಚ್ಚು ತಿಂಗಳು ತಿನ್ನುವುದು ಇದೇ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಹಾಗಾಗಿ ಯಾವ ರಾಜ್ಯದ ಮೂಲಕ ಅರ್ಜಿ ಎಂಬುದು ಮೊದಲ ತೀರ್ಮಾನ. ಕೆಲಸ ಅದೇ ರಾಜ್ಯದಲ್ಲಿ ಸಿಗಬೇಕೆಂದಿಲ್ಲ, ಲೈಸೆನ್ಸನ್ನು ಆಮೇಲೆ ಬೇರೆ ರಾಜ್ಯವೂ ಒಪ್ಪುವಂತೆ ಎಂಡೋರ್ಸ್ ಮಾಡಿಸಬಹುದು. ಅಮೆರಿಕ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರ ಅರ್ಜಿಯನ್ನೂ ತೆಗೆದುಕೊಳ್ಳುವುದರಿಂದ ನಮ್ಮವರು ಹೆಚ್ಚಾಗಿ ನ್ಯೂಯಾರ್ಕ್ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾ ಬೇಡ ಎನ್ನಲು ಗಟ್ಟಿ ಕಾರಣವಿದೆ: ಪ್ರತಿ ವಿಷಯದ ಥಿಯರಿ ಮತ್ತು ಕ್ಲಿನಿಕಲ್ ಒಂದೇ ಅವಧಿಯಲ್ಲಿ ನಡೆದಿರಬೇಕು ಎಂದು ಆ ಬೋರ್ಡ್ ಪಟ್ಟು ಹಿಡಿಯುತ್ತದೆ. ಮೊದಲ ವರ್ಷ ಥಿಯರಿ, ಮರುವರ್ಷ ಪೋಸ್ಟಿಂಗ್ ಎಂದು ಟ್ರಾನ್ಸ್‌ಕ್ರಿಪ್ಟ್ ತೋರಿಸಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ನಂತರ ಸರ್ಟಿಫಿಕೇಟ್ ಪರಿಶೀಲನೆ. ಹೆಚ್ಚಿನ ಬೋರ್ಡ್‌ಗಳು ಇದಕ್ಕೆ ಸಿಜಿಎಫ್‌ಎನ್‌ಎಸ್ ಸಂಸ್ಥೆಯನ್ನು ಒಪ್ಪುತ್ತವೆ. 2025ರಿಂದ ಅದರ ಹೆಸರು ಟ್ರೂಮೆರಿಟ್. ಕಾಲೇಜು ಅಥವಾ ಯೂನಿವರ್ಸಿಟಿ ನಿಮ್ಮ ಟ್ರಾನ್ಸ್‌ಕ್ರಿಪ್ಟನ್ನು, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನಿಮ್ಮ ನೋಂದಣಿಯ ದೃಢೀಕರಣವನ್ನು ನೇರವಾಗಿ ಆ ಸಂಸ್ಥೆಗೆ ಕಳಿಸಬೇಕು. ನಿಮ್ಮ ಕೈಗೆ ಬಂದು ನೀವು ಪೋಸ್ಟ್ ಮಾಡಿದ ಲಕೋಟೆಗೆ ಬೆಲೆಯಿಲ್ಲ. ಬಿಎಸ್ಸಿ ಓದಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಡೆಗೂ, ಜಿಎನ್‌ಎಂ ಓದಿದವರು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಕಡೆಗೂ ಓಡಾಡಬೇಕಾಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಹೊರಡುವ ಮುಂಚೆ ಒಂದು ಪ್ರತಿ ತರಿಸಿ ನೋಡಿ: ಮೆಡಿಕಲ್, ಸರ್ಜಿಕಲ್, ಪ್ರಸೂತಿ, ಮಕ್ಕಳ ವಿಭಾಗ, ಮನೋರೋಗ, ಹೀಗೆ ಪ್ರತಿಯೊಂದಕ್ಕೂ ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಬೇರೆ ಬೇರೆಯಾಗಿ ಬರೆದಿರಬೇಕು. ಬ್ರದರ್‌ಗಳು ಪ್ರಸೂತಿ ವಿಭಾಗದ ಗಂಟೆಗಳನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು. ಗಂಟೆಗಳಿಲ್ಲದೆ ಬರೀ ಅಂಕಗಳಿರುವ ಟ್ರಾನ್ಸ್‌ಕ್ರಿಪ್ಟ್ ವಾಪಸ್ ಬಂದರೆ ಹೊಸದು ಹೋಗಿ ಮುಟ್ಟುವಷ್ಟರಲ್ಲಿ ಮತ್ತೆ ತಿಂಗಳುಗಳು ಕಳೆದಿರುತ್ತವೆ.

ಹೆಸರಿನ ಕಥೆ ನಮ್ಮವರದ್ದೇ ವಿಶೇಷ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ‘ಸವಿತಾ ಎಚ್.ಕೆ.’, ಕೌನ್ಸಿಲ್ ರಿಜಿಸ್ಟ್ರೇಷನ್‌ನಲ್ಲಿ ‘ಎಚ್.ಕೆ. ಸವಿತಾ’, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದದ್ದು, ಮದುವೆಯಾಗಿದ್ದರೆ ಇನ್ನೊಂದು. ನಿಯಮ ಸರಳ: ಬೋರ್ಡ್, ಟ್ರೂಮೆರಿಟ್, ಪಿಯರ್ಸನ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರ ಅಕ್ಷರ ಹೊಂದುವ ಹಾಗೆ ತುಂಬಿ. ಹಳೆಯ ಹೆಸರುಗಳಿಗೆ ‘ಈ ಎಲ್ಲ ಹೆಸರೂ ಒಬ್ಬರದೇ’ ಎಂದು ನೋಟರಿ ಅಫಿಡವಿಟ್ ಮಾಡಿಸಿಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳುವುದು ಲೇಸು. ಆಮೇಲೆ ತಿದ್ದಿಸಿದರೆ ಎಲ್ಲ ಕಡೆಯೂ ತಿದ್ದಿಸಬೇಕಾಗುತ್ತದೆ.

ಪಿಯರ್ಸನ್ ವ್ಯೂನಲ್ಲಿ ಪರೀಕ್ಷೆಯ ನೋಂದಣಿ ಶುಲ್ಕ 200 ಡಾಲರ್. ಅಮೆರಿಕದ ಹೊರಗೆ ಸೀಟ್ ಬುಕ್ ಮಾಡುವಾಗ ಮತ್ತೆ 150 ಡಾಲರ್, ಮೇಲೆ ತೆರಿಗೆ. ಬೋರ್ಡಿನ ಅರ್ಜಿ ಶುಲ್ಕ, ಟ್ರೂಮೆರಿಟ್ ಶುಲ್ಕ ಇದಕ್ಕೆ ಸೇರಿಲ್ಲ. ಬೋರ್ಡ್ ಅರ್ಹತೆ ಒಪ್ಪಿದ ಮೇಲೆ ಎಟಿಟಿ ಎಂಬ ಅನುಮತಿ ಪತ್ರ ಇಮೇಲ್‌ಗೆ ಬರುತ್ತದೆ. ಅದರ ಅವಧಿ ಸಾಮಾನ್ಯವಾಗಿ 90 ದಿನ, ವಿಸ್ತರಣೆ ಇಲ್ಲ. ಅವಧಿ ಮೀರಿದರೆ ಮತ್ತೆ ನೋಂದಣಿ, ಮತ್ತೆ 200 ಡಾಲರ್. ಆದ್ದರಿಂದ ಓದು ಅರ್ಧ ದಾರಿ ದಾಟುವವರೆಗೆ ಪಿಯರ್ಸನ್‌ಗೆ ದುಡ್ಡು ಕಟ್ಟುವ ಆತುರ ಬೇಡ. ಎಟಿಟಿ ಬಂದ ಮೇಲೆ ಮಾತ್ರ ಬುಕಿಂಗ್ ತಡಮಾಡಬೇಡಿ, ಬೇಕಾದ ತಾರೀಕು ಕೈತಪ್ಪುತ್ತದೆ.

ಏಜೆಂಟರು ಹೇಳದ ಒಂದು ಮಾತು: ಎನ್‌ಕ್ಲೆಕ್ಸ್ ಪಾಸಾಗುವುದು ವೀಸಾ ಅಲ್ಲ. ಅದಕ್ಕೆ ಇಂಗ್ಲಿಷ್ ಪರೀಕ್ಷೆ, ವಿದೇಶಿ ನರ್ಸ್‌ಗಳ ಅರ್ಹತೆ ದೃಢಪಡಿಸುವ ವೀಸಾಸ್ಕ್ರೀನ್ ಸರ್ಟಿಫಿಕೇಟ್, ಉದ್ಯೋಗದಾತರ ಅರ್ಜಿ ಬೇರೆಯೇ ಬೇಕು. ಭಾರತದಲ್ಲಿ ಹುಟ್ಟಿದವರಿಗೆ ಇಬಿ-3 ಎಂಬ ಉದ್ಯೋಗದ ಗ್ರೀನ್ ಕಾರ್ಡ್ ವಿಭಾಗದ ಸರದಿ ವರ್ಷಗಟ್ಟಲೆ ಇದೆ. ‘ಆರು ತಿಂಗಳಲ್ಲಿ ಅಮೆರಿಕ’ ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ.

ಕಂಪ್ಯೂಟರ್ ಅಳೆಯುವುದು ಹೇಗೆ

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ‘ನೆಕ್ಸ್ಟ್ ಜನರೇಷನ್’ ಮಾದರಿ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಒಟ್ಟು 5 ಗಂಟೆ. ಇದರಲ್ಲಿ 15 ಪ್ರಶ್ನೆ ಪ್ರಯೋಗಕ್ಕೆ ಇಟ್ಟವು, ಅವಕ್ಕೆ ಅಂಕವಿಲ್ಲ. ಯಾವುವು ಎಂದು ಗೊತ್ತಾಗುವುದೂ ಇಲ್ಲ. ಮೂರು ಕೇಸ್ ಸ್ಟಡಿ ಎಲ್ಲರಿಗೂ ಬರುತ್ತವೆ, ಒಂದೊಂದರಲ್ಲಿ ಆರು ಪ್ರಶ್ನೆ.

ನೀವು ಸರಿ ಉತ್ತರಿಸಿದಂತೆ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದಂತೆ ಸ್ವಲ್ಪ ಸಡಿಲಾಗುತ್ತದೆ. ನಿಮ್ಮ ಮಟ್ಟ ಪಾಸಿನ ಗೆರೆಗಿಂತ ಮೇಲಿದೆ ಅಥವಾ ಕೆಳಗಿದೆ ಎಂದು 95% ಖಚಿತವಾದ ಕ್ಷಣ ಕಂಪ್ಯೂಟರ್ ನಿಲ್ಲುತ್ತದೆ. ಹೀಗಾಗಿ 85ಕ್ಕೆ ನಿಂತರೆ ಪಾಸ್ ಎಂಬುದು ಬರೀ ಹಾಸ್ಟೆಲ್ ಮಾತು. 85ಕ್ಕೆ ಫೇಲಾದವರೂ ಇದ್ದಾರೆ, 150 ಬರೆದು ಪಾಸಾದವರೂ ಇದ್ದಾರೆ. 150ಕ್ಕೆ ಹೋದರೆ ಕೊನೆಯಲ್ಲಿ ಲೆಕ್ಕ ಹಾಕಿದ ಮಟ್ಟ ಗೆರೆಯ ಮೇಲಿದೆಯೇ ಎಂದಷ್ಟೇ ನೋಡುತ್ತದೆ. ಸಮಯ ಮುಗಿದಾಗ 85 ಆಗಿರದಿದ್ದರೆ ನೇರವಾಗಿ ಫೇಲ್; ಆಗಿದ್ದರೆ ಅಲ್ಲಿಯವರೆಗಿನ ಉತ್ತರಗಳ ಮೇಲೆ ತೀರ್ಮಾನ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗುವಂತಿಲ್ಲ, ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ. 5 ಗಂಟೆಯನ್ನು 150ರಿಂದ ಭಾಗಿಸಿದರೆ ಪ್ರಶ್ನೆಗೆ ಎರಡು ನಿಮಿಷ. ಕೇಸ್ ಸ್ಟಡಿಯ ಮೊದಲ ಪ್ರಶ್ನೆಗೆ ನಾಲ್ಕು ನಿಮಿಷ ಹೋದರೆ ಗಾಬರಿ ಬೇಡ, ಅದೇ ರೋಗಿಯ ಉಳಿದ ಐದರಲ್ಲಿ ಸರಿಹೋಗುತ್ತದೆ.

‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಎಂಬ ಪ್ರಶ್ನೆಗೆ ಈಗ ಭಾಗಶಃ ಅಂಕವೂ ಉಂಟು. ಸರಿಯಾದ ಪ್ರತಿ ಆಯ್ಕೆಗೆ ಒಂದು ಅಂಕ, ತಪ್ಪು ಆಯ್ಕೆಗೆ ಒಂದು ಕಡಿತ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಐದರಲ್ಲಿ ಮೂರು ಸರಿ ಎಂದುಕೊಳ್ಳಿ. ಮೂರನ್ನೂ ಆರಿಸಿ ಜತೆಗೊಂದು ತಪ್ಪು ಒತ್ತಿದರೆ 2 ಅಂಕ. ಎಲ್ಲ ಐದನ್ನೂ ಒತ್ತಿದರೆ 1 ಅಂಕ. ಖಾತ್ರಿಯಿರುವ ಎರಡನ್ನೇ ಒತ್ತಿ ಸುಮ್ಮನಾದರೂ 2 ಸಿಗುತ್ತದೆ. ಅನುಮಾನವಿದ್ದಲ್ಲಿ ಕೈ ತಡೆಯುವುದೇ ಲಾಭ.

ಉತ್ತರ ಆರಿಸುವ ರೀತಿ

ಒಂದು ಮಾದರಿ ನೋಡಿ. ಹ್ಯಾಂಡ್‌ಓವರ್ ಮುಗಿದಿದೆ, ನಿಮಗೆ ನಾಲ್ವರು ರೋಗಿಗಳು: ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, 2 ಲೀಟರ್ ಆಕ್ಸಿಜನ್‌ನಲ್ಲಿ ಸ್ಯಾಚುರೇಷನ್ 90%; ನಿನ್ನೆ ಥೈರಾಯ್ಡ್ ತೆಗೆಸಿಕೊಂಡವರು, ತುಟಿಯ ಸುತ್ತ ಜುಮ್ಮೆನ್ನುತ್ತಿದೆ ಎನ್ನುತ್ತಾರೆ; ಸಕ್ಕರೆ ಕಾಯಿಲೆಯವರು, ಗ್ಲೂಕೋಸ್ 210; ಮಂಡಿ ಆಪರೇಷನ್ ಆದವರು, ನೋವು ಹತ್ತಕ್ಕೆ ಏಳು. ‘ಏರ್‌ವೇ, ಬ್ರೀದಿಂಗ್ ಮೊದಲು’ ಎಂದು ಬಾಯಿಪಾಠ ಮಾಡಿದವರು 90% ಕಂಡೊಡನೆ ಸಿಒಪಿಡಿ ಒತ್ತುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಸಿಒಪಿಡಿಯಲ್ಲಿ 88ರಿಂದ 92% ನಿರೀಕ್ಷಿತವೇ. ಥೈರಾಯ್ಡ್ ಜತೆ ಪ್ಯಾರಾಥೈರಾಯ್ಡ್‌ಗೆ ಪೆಟ್ಟು ಬಿದ್ದರೆ ಕ್ಯಾಲ್ಸಿಯಂ ಇಳಿಯುತ್ತದೆ. ತುಟಿ ಜುಮ್ಮೆನ್ನುವುದು ಅದರ ಮೊದಲ ಸುಳಿವು, ಮುಂದಿನದು ಗಂಟಲು ಬಿಗಿದು ಉಸಿರು ಕಟ್ಟುವುದು. ಉತ್ತರ ಎರಡನೆಯವರು. ಈ ಕಾಯಿಲೆಗೆ ಇದು ನಿರೀಕ್ಷಿತವೇ, ಹೊಸದೇ? ಈಗ ಬಿಟ್ಟರೆ ಯಾರ ಜೀವಕ್ಕೆ ಅಪಾಯ? ಈ ಎರಡನ್ನು ಕೇಳಿಕೊಂಡ ಮೇಲೆ ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್ ಎಂಬ ಎಬಿಸಿ ಕ್ರಮ ಹಚ್ಚಿ.

ಎರಡನೆಯ ಬಲೆ ‘ಡಾಕ್ಟರಿಗೆ ತಿಳಿಸಿ’ ಎಂಬ ಆಯ್ಕೆ. ನಮ್ಮ ವಾರ್ಡುಗಳಲ್ಲಿ ಏನಾದರೂ ಮೊದಲು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವುದು ರೂಢಿ. ಈ ಪರೀಕ್ಷೆ ನರ್ಸ್ ತಾನು ಮಾಡಬಹುದಾದದ್ದನ್ನು ಮೊದಲು ಮಾಡಬೇಕು ಎನ್ನುತ್ತದೆ. ರಕ್ತ ಕೊಡುವಾಗ ರೋಗಿಗೆ ಚಳಿ, ಸೊಂಟನೋವು ಬಂತು: ಮೊದಲು ರಕ್ತ ನಿಲ್ಲಿಸುವುದು, ಹೊಸ ಟ್ಯೂಬಿಂಗ್ ಹಾಕಿ ನಾರ್ಮಲ್ ಸಲೈನ್‌ನಿಂದ ಲೈನ್ ಉಳಿಸಿಕೊಳ್ಳುವುದು, ಆಮೇಲೆ ಫೋನ್. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಮಾತ್ರೆಗೆ ಬಗ್ಗದ ನೋವು, ಬೆರಳು ಮರಗಟ್ಟಿದೆ, ಪರೀಕ್ಷಿಸಿ ನೋಡಿಯೂ ಆಗಿದೆ ಎಂದಿದ್ದರೆ ಮಾತ್ರ ಫೋನೇ ಸರಿ, ಏಕೆಂದರೆ ಒಳಗಿನ ಒತ್ತಡದಿಂದ ರಕ್ತಸಂಚಾರ ಕಡಿಯುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ಗೆ ನರ್ಸ್ ಒಬ್ಬರೇ ಮಾಡುವ ಮದ್ದಿಲ್ಲ.

ಮೂರನೆಯದು ಮನೆಯವರು. ‘ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್’ ಎಂದು ಮಗ ಕೇಳಿದರೆ ನಾವು ತಲೆಯಾಡಿಸುತ್ತೇವೆ. ಪರೀಕ್ಷೆಯಲ್ಲಿ ಹಾಗಾಗದು. ಮಾಹಿತಿ, ಒಪ್ಪಿಗೆ, ನಿರಾಕರಣೆ ಎಲ್ಲವೂ ರೋಗಿಯ ಹಕ್ಕು. ಆಪರೇಷನ್ ಬಗ್ಗೆ ವಿವರಿಸುವುದು ಸರ್ಜನ್ ಕೆಲಸ, ನರ್ಸ್ ಸಹಿಗೆ ಸಾಕ್ಷಿ ಮಾತ್ರ. ಅರ್ಥವಾಗಿಲ್ಲ ಎಂದು ರೋಗಿ ಹೇಳಿದರೆ ನೀವೇ ವಿವರಿಸಲು ಕೂರದೆ ಸರ್ಜನ್‌ರನ್ನು ಕರೆಸಬೇಕು. ದುಃಖದಲ್ಲಿರುವವರಿಗೆ ‘ಏನೂ ಆಗಲ್ಲ ಬಿಡಿ, ಎಲ್ಲ ಸರಿಹೋಗುತ್ತೆ’ ಎನ್ನುವ ಉತ್ತರ ಕಂಡರೆ ತಕ್ಷಣ ಹೊಡೆದುಹಾಕಿ. ‘ಯಾಕೆ’ ಎಂದು ಪ್ರಶ್ನಿಸುವುದನ್ನೂ ಅಷ್ಟೆ.

ಕೆಲಸ ಹಂಚುವ ಪ್ರಶ್ನೆಗಳಲ್ಲಿ ನಮ್ಮವರು ಕಳೆದುಕೊಳ್ಳುವ ಅಂಕ ಕಡಿಮೆಯೇನಲ್ಲ. ಅಮೆರಿಕದಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಕೆಳಗೆ ಎಲ್‌ಪಿಎನ್ ಎಂಬ ಕಿರಿಯ ದರ್ಜೆಯ ನರ್ಸ್‌ಗಳು, ಅವರ ಕೆಳಗೆ ಯುಎಪಿ ಎಂಬ ಸಹಾಯಕರು. ಸ್ನಾನ, ಊಟ ತಿನ್ನಿಸುವುದು, ಓಡಾಡಿಸುವುದು, ಇನ್‌ಟೇಕ್-ಔಟ್‌ಪುಟ್, ಸ್ಥಿರವಾಗಿರುವ ರೋಗಿಯ ವೈಟಲ್ಸ್ ಯುಎಪಿಗೆ. ಸ್ಥಿರ ರೋಗಿಗೆ ಮಾತ್ರೆ, ಡ್ರೆಸಿಂಗ್, ಈಗಾಗಲೇ ಹೇಳಿಕೊಟ್ಟದ್ದನ್ನು ಮತ್ತೆ ನೆನಪಿಸುವುದು ಎಲ್‌ಪಿಎನ್‌ಗೆ. ಮೊದಲ ತಪಾಸಣೆ, ಹೊಸದಾಗಿ ಹೇಳಿಕೊಡುವುದು, ಫಲ ನೋಡಿ ತೀರ್ಮಾನಿಸುವುದು, ರಕ್ತ ಏರಿಸುವುದು, ಅಸ್ಥಿರ ರೋಗಿ ಎಂದೆಂದಿಗೂ ಆರ್‌ಎನ್ ಪಾಲು. ಇಲ್ಲಿ ನಿಮ್ಮ ಆಸ್ಪತ್ರೆಯ ಆಯಾ ಏನೆಲ್ಲ ಮಾಡುತ್ತಾರೆ ಎಂಬುದನ್ನು ಮರೆತುಬಿಡಿ.

ಕೇಸ್ ಸ್ಟಡಿಯ ಆರು ಪ್ರಶ್ನೆಗಳು ಒಂದೇ ಕ್ರಮದವು: ಸುಳಿವು ಗುರುತಿಸು, ಅರ್ಥ ಹಚ್ಚು, ಯಾವುದು ಮುಖ್ಯ ನಿರ್ಧರಿಸು, ಪರಿಹಾರ ಯೋಚಿಸು, ಮಾಡು, ಫಲ ನೋಡು. ಬಿಡಿಯಾಗಿ ಬರುವ ‘ಬೋ-ಟೈ’ ಪ್ರಶ್ನೆ ಇದನ್ನೆಲ್ಲ ಒಂದೇ ಪರದೆಯಲ್ಲಿ ಕೇಳುತ್ತದೆ: ನಡುವೆ ಒಂದು ಸ್ಥಿತಿ, ಎಡಕ್ಕೆ ಎರಡು ಕ್ರಮ, ಬಲಕ್ಕೆ ಗಮನಿಸಬೇಕಾದ ಎರಡು ಅಂಶ. 34 ವಾರದ ಬಸುರಿ, ತೀವ್ರ ಪ್ರೀಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರುವ ಕಾಯಿಲೆ), ಮ್ಯಾಗ್ನೀಸಿಯಂ ಸಲ್ಫೇಟ್ ಡ್ರಿಪ್ ಓಡುತ್ತಿದೆ. ಉಸಿರಾಟ ನಿಮಿಷಕ್ಕೆ 10, ಮಂಡಿಯ ರಿಫ್ಲೆಕ್ಸ್ ಇಲ್ಲ, ಮೂತ್ರ ಗಂಟೆಗೆ 20 ಮಿ.ಲೀ. ನಡುವೆ ಮ್ಯಾಗ್ನೀಸಿಯಂ ವಿಷಪ್ರಭಾವ. ಎಡಕ್ಕೆ ಡ್ರಿಪ್ ನಿಲ್ಲಿಸುವುದು, ಕ್ಯಾಲ್ಸಿಯಂ ಗ್ಲುಕೋನೇಟ್. ಬಲಕ್ಕೆ ಉಸಿರಾಟ, ರಿಫ್ಲೆಕ್ಸ್. ನಡುವಿನದನ್ನು ಮೊದಲು ತುಂಬಿ, ಬದಿಗಳು ತಾವಾಗಿ ಕೂಡಿಕೊಳ್ಳುತ್ತವೆ.

ಓದಿನ ಲೆಕ್ಕ

ಡ್ಯೂಟಿ ಮಾಡಿಕೊಂಡು ಓದುವವರಿಗೆ ನಾಲ್ಕು ತಿಂಗಳು ಬೇಕು. ಮೊದಲ ಕೆಲಸ ಎನ್‌ಸಿಎಸ್‌ಬಿಎನ್ ತಾಣದಲ್ಲಿ ಉಚಿತವಾಗಿ ಸಿಗುವ ಟೆಸ್ಟ್ ಪ್ಲಾನ್ ಓದುವುದು. ಅದರಲ್ಲಿ ಆರೈಕೆಯ ನಿರ್ವಹಣೆಗೆ 15ರಿಂದ 21%, ಔಷಧಿಗಳಿಗೆ 13ರಿಂದ 19%, ಸುರಕ್ಷತೆ ಮತ್ತು ಸೋಂಕು ತಡೆಗೆ 10ರಿಂದ 16% ಪಾಲು. ಈ ಮೂರೇ ಸೇರಿದರೆ ಹೆಚ್ಚುಕಡಿಮೆ ಅರ್ಧ ಪರೀಕ್ಷೆ. ಅಪರೂಪದ ಕಾಯಿಲೆಗಳ ಮೇಲೆ ವಾರಗಟ್ಟಲೆ ಕೂರುವವರು ಇದನ್ನು ನೋಡಿರುವುದೇ ಇಲ್ಲ.

ಮೊದಲ ಆರು ವಾರ ದೇಹದ ಒಂದೊಂದು ವ್ಯವಸ್ಥೆ ಓದಿ, ಆ ದಿನವೇ ಅದರ ಮೇಲೆ 25-30 ಪ್ರಶ್ನೆ. ಆಮೇಲೆ ವಿಷಯ ಬೆರೆಸಿ, ಸಮಯ ಇಟ್ಟುಕೊಂಡು, ವಾರಕ್ಕೆ ನಾಲ್ಕು ದಿನ 75 ಪ್ರಶ್ನೆ. ಕೊನೆಯ ಮೂರು ವಾರದಲ್ಲಿ ಎರಡು ಸಲವಾದರೂ 150 ಪ್ರಶ್ನೆಯನ್ನು ಒಂದೇ ಕೂತಿಗೆ ಬರೆದು ನೋಡಿ. ನೂರರ ನಂತರ ತಲೆ ಮಂಕಾಗುವುದು ಅಲ್ಲಿ ಮೊದಲ ಸಲ ಗೊತ್ತಾಗಬಾರದು. ಯುವರ್ಲ್ಡ್, ಆರ್ಚರ್‌ನಂಥ ಪ್ರಶ್ನೆಬ್ಯಾಂಕ್‌ಗಳಲ್ಲಿ ಒಂದು ಸಾಕು. ಮೂರು ಕೊಂಡು ಮೂರನ್ನೂ ಅರ್ಧ ಮಾಡುವುದು ದುಡ್ಡು ದಂಡ.

ಉತ್ತರದ ವಿವರಣೆ ಓದಲು, ಪ್ರಶ್ನೆ ಬರೆಯಲು ಹಿಡಿದ ಸಮಯದ ಎರಡರಷ್ಟಾದರೂ ಇಡಿ. ನೋಟ್‌ಬುಕ್‌ನಲ್ಲಿ ತಪ್ಪಿದ ಪ್ರಶ್ನೆಯನ್ನೇ ನಕಲು ಮಾಡುವ ಬದಲು ತಪ್ಪಿದ್ದು ಏಕೆ ಎಂದು ಎರಡು-ಮೂರು ಪದದಲ್ಲಿ ಬರೆಯಿರಿ: ಗೊತ್ತಿರಲಿಲ್ಲ, ಪ್ರಶ್ನೆ ಸರಿ ಓದಲಿಲ್ಲ, ಆದ್ಯತೆ ತಪ್ಪಿತು, ಸರಿ ಉತ್ತರ ಬದಲಿಸಿದೆ. ಎರಡು ವಾರದ ಪಟ್ಟಿ ನೋಡಿ. ‘ಗೊತ್ತಿರಲಿಲ್ಲ’ ಹೆಚ್ಚಿದ್ದರೆ ಪುಸ್ತಕಕ್ಕೆ ಮರಳಿ. ಉಳಿದವು ಹೆಚ್ಚಿದ್ದರೆ ಇನ್ನಷ್ಟು ಓದಿ ಪ್ರಯೋಜನವಿಲ್ಲ, ನಿಧಾನವಾಗಿ ಪ್ರಶ್ನೆ ಬಿಡಿಸುವ ಅಭ್ಯಾಸ ಬೇಕು.

ಔಷಧಿಗಳ ಅಮೆರಿಕನ್ ಹೆಸರು ಪ್ರತ್ಯೇಕ ಹಾಳೆಯಲ್ಲಿರಲಿ. ಪ್ಯಾರಸಿಟಮಾಲ್ ಅಲ್ಲಿ ಅಸೆಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬುಟೆರಾಲ್, ಪೆಥಿಡಿನ್ ಮೆಪೆರಿಡಿನ್, ಗ್ಲೈಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ದಿನಾ ಕೊಡುವ ಔಷಧಿಯೇ ಪ್ರಶ್ನೆಯಲ್ಲಿ ಬಂದಾಗ ಗುರುತು ಸಿಗದೆ ಕಂಗಾಲಾಗುವುದು ಇದರಿಂದಲೇ. ಬಾಯಿಪಾಠ ಬೇಕಾದ ಅಂಕಿಗಳು ಹೆಚ್ಚಿಲ್ಲ: ಪೊಟ್ಯಾಸಿಯಂ 3.5ರಿಂದ 5, ವಾರ್ಫರಿನ್ ಮೇಲಿರುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ) ಸಾಮಾನ್ಯವಾಗಿ 2ರಿಂದ 3, ಲಿಥಿಯಂ 0.6ರಿಂದ 1.2. ಪ್ರತಿವಿಷಗಳು: ಹೆಪಾರಿನ್‌ಗೆ ಪ್ರೋಟಮಿನ್, ವಾರ್ಫರಿನ್‌ಗೆ ವಿಟಮಿನ್ ಕೆ, ಮಾರ್ಫಿನ್‌ಗೆ ನಲಾಕ್ಸೋನ್, ಅಸೆಟಮಿನೋಫೆನ್‌ಗೆ ಅಸೆಟೈಲ್‌ಸಿಸ್ಟೀನ್. ಐಸೊಲೇಷನ್‌ನಲ್ಲಿ ಕ್ಷಯ, ದಡಾರ, ಸೀತಾಳೆ ಸಿಡುಬು ಗಾಳಿಯ ವರ್ಗ; ಇನ್‌ಫ್ಲುಯೆಂಜಾ, ನಾಯಿಕೆಮ್ಮು ಹನಿಯ ವರ್ಗ; ಭೇದಿ ತರುವ ಸಿ. ಡಿಫ್ ಬ್ಯಾಕ್ಟೀರಿಯಾ ಸ್ಪರ್ಶದ ವರ್ಗ, ಅದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು-ನೀರೇ ಬೇಕು.

ಡೋಸ್ ಲೆಕ್ಕದಲ್ಲಿ ಎಡವುವುದು ಪೌಂಡ್‌ನಿಂದ. ರೋಗಿ 154 ಪೌಂಡ್, ಹೆಪಾರಿನ್ ಕೆ.ಜಿ.ಗೆ ಗಂಟೆಗೆ 18 ಯೂನಿಟ್, ಚೀಲದಲ್ಲಿ 500 ಮಿ.ಲೀ.ಗೆ 25,000 ಯೂನಿಟ್. 154 ಭಾಗಿಸು 2.2 ಎಂದರೆ 70 ಕೆ.ಜಿ.; 70 ಗುಣಿಸು 18, ಗಂಟೆಗೆ 1,260 ಯೂನಿಟ್; ಚೀಲದ ಪ್ರತಿ ಮಿ.ಲೀ.ನಲ್ಲಿ 50 ಯೂನಿಟ್, ಹಾಗಾಗಿ ಗಂಟೆಗೆ 25.2 ಮಿ.ಲೀ. ಅಂಕಿಯನ್ನು ಸಮೀಪಕ್ಕೆ ತರುವುದು ಕೊನೆಯ ಹೆಜ್ಜೆಯಲ್ಲಿ ಮಾತ್ರ, ಅದೂ ಪ್ರಶ್ನೆ ಹೇಳಿದಷ್ಟು.

ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ‘ರೀಕಾಲ್’ ಪ್ರಶ್ನೆಗಳ ಕಡೆ ತಿರುಗಿಯೂ ನೋಡಬೇಡಿ. ಪ್ರಶ್ನೆ ಹೊರಗೆ ಹೇಳುವುದಿಲ್ಲ ಎಂಬ ಕರಾರಿಗೆ ಎಲ್ಲರೂ ಒಪ್ಪಿಗೆ ಕೊಟ್ಟಿರುತ್ತಾರೆ, ಸಿಕ್ಕಿಬಿದ್ದರೆ ಫಲಿತಾಂಶ ರದ್ದಾಗಬಹುದು. ಮೇಲಾಗಿ ಆ ಉತ್ತರಗಳಲ್ಲಿ ಎಷ್ಟೋ ತಪ್ಪಿರುತ್ತವೆ.

ಪರೀಕ್ಷೆಯ ದಿನ

ಹಿಂದಿನ ಎರಡು ದಿನ ನೈಟ್ ಡ್ಯೂಟಿ ಬೇಡ, ರಜೆ ಮೊದಲೇ ಬರೆಸಿಡಿ. ಕಲಬುರಗಿ, ಹುಬ್ಬಳ್ಳಿಯಂಥ ದೂರದ ಊರಿನವರು ರಾತ್ರಿ ಬಸ್ಸಿನಿಂದ ಇಳಿದು ನೇರ ಕೇಂದ್ರಕ್ಕೆ ಹೋಗುವ ಲೆಕ್ಕ ಹಾಕಬೇಡಿ. ಹಿಂದಿನ ದಿನವೇ ಬಂದು ಹತ್ತಿರದಲ್ಲಿ ಉಳಿಯಿರಿ. ಅರ್ಧ ಗಂಟೆ ಮೊದಲು ತಲುಪಬೇಕು. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಸೀಟು ಹೋಗಬಹುದು, ದುಡ್ಡೂ ಹೋಗಬಹುದು. ಬೆಂಗಳೂರಿನ ಟ್ರಾಫಿಕ್ ನೆಪ ಅಲ್ಲಿ ನಡೆಯುವುದಿಲ್ಲ. ತಾರೀಕು ಬದಲಿಸುವುದಿದ್ದರೆ ಕನಿಷ್ಠ 24 ಗಂಟೆ ಮುಂಚೆ.

ಅವಧಿ ಮುಗಿಯದ ಮೂಲ ಪಾಸ್‌ಪೋರ್ಟ್ ಒಯ್ಯಿರಿ, ಆಧಾರ್ ನಡೆಯದು. ಅಂಗೈಯ ನರಗಳ ಸ್ಕ್ಯಾನ್, ಫೋಟೊ, ಸಹಿ ಆಗುತ್ತದೆ. ಫೋನ್, ವಾಚ್, ಪರ್ಸ್ ಎಲ್ಲ ಹೊರಗೆ. ಅಳಿಸಿ ಬರೆಯುವ ಬೋರ್ಡು, ಮಾರ್ಕರ್ ಅವರೇ ಕೊಡುತ್ತಾರೆ. ಪರೀಕ್ಷೆ ಶುರುವಾಗುವ ಮೊದಲು ಅದರಲ್ಲಿ ಏನೂ ಬರೆಯುವಂತಿಲ್ಲ. ಕ್ಯಾಲ್ಕುಲೇಟರ್ ಪರದೆಯಲ್ಲೇ ಇದೆ. ಎಸಿ ಜೋರಾಗಿರುತ್ತದೆ, ಸ್ವೆಟರ್ ಹಾಕಿಕೊಂಡೇ ಹೋಗಿ. ಎರಡು ಗಂಟೆ ಕಳೆದಾಗ ಒಮ್ಮೆ, ಮೂರೂವರೆ ಗಂಟೆ ಕಳೆದಾಗ ಇನ್ನೊಮ್ಮೆ ಬಿಡುವು ಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಬಿಡುವಿನಲ್ಲೂ ಗಡಿಯಾರ ಓಡುತ್ತಿರುತ್ತದೆ, ಆದರೂ ಮೊದಲನೆಯದನ್ನು ತೆಗೆದುಕೊಳ್ಳಿ. ಐದು ನಿಮಿಷ ಎದ್ದು ನೀರು ಕುಡಿದು ಬಂದವರು ಪ್ರಶ್ನೆಯನ್ನು ಸರಿಯಾಗಿ ಓದುತ್ತಾರೆ. ‘ಪ್ರಶ್ನೆ ಸುಲಭ ಬಂತು, ಫೇಲಾಗ್ತಿದ್ದೀನಿ’ ಎಂದು ಒಳಗೇ ಲೆಕ್ಕ ಹಾಕಲು ಹೋಗಬೇಡಿ, ಅದು ಅಂಕವಿಲ್ಲದ ಹದಿನೈದರಲ್ಲಿ ಒಂದಿರಬಹುದು.

ಫಲಿತಾಂಶ

ಅಧಿಕೃತ ಫಲಿತಾಂಶ ಬೋರ್ಡಿನಿಂದ ಬರುತ್ತದೆ, ಅದಕ್ಕೆ ಕೆಲವು ವಾರ ಹಿಡಿಯಬಹುದು. ಕೆಲವು ರಾಜ್ಯಗಳವರಿಗೆ ಎರಡು ಕೆಲಸದ ದಿನಗಳ ನಂತರ 7.95 ಡಾಲರ್ ಕೊಟ್ಟರೆ ಅನಧಿಕೃತ ಫಲಿತಾಂಶ ಪಿಯರ್ಸನ್ ಖಾತೆಯಲ್ಲೇ ಸಿಗುತ್ತದೆ. ಮತ್ತೆ ನೋಂದಣಿಗೆ ಯತ್ನಿಸಿ ಕಾರ್ಡ್ ಒಪ್ಪದಿದ್ದರೆ ಪಾಸು ಎಂಬ ‘ಟ್ರಿಕ್’ ನಂಬಲರ್ಹವಲ್ಲ, ಕಾರ್ಡಿನಿಂದ 200 ಡಾಲರ್ ಕಡಿತವಾಗಿ ಕೂತರೆ ನಷ್ಟ ನಿಮಗೇ.

ಫೇಲಾದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು. ಎನ್‌ಸಿಎಸ್‌ಬಿಎನ್ ನಿಯಮದಂತೆ ವರ್ಷಕ್ಕೆ ಎಂಟು ಸಲದವರೆಗೆ ಅವಕಾಶ, ಕೆಲವು ರಾಜ್ಯಗಳ ಮಿತಿ ಇದಕ್ಕಿಂತ ಬಿಗಿ. ಬೋರ್ಡಿನಿಂದ ಬರುವ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ಪ್ರತಿ ವಿಭಾಗದಲ್ಲಿ ನೀವು ಪಾಸಿನ ಗೆರೆಗಿಂತ ಮೇಲೆ, ಹತ್ತಿರ, ಕೆಳಗೆ ಎಂದು ತೋರಿಸುತ್ತದೆ. ‘ಕೆಳಗೆ’ ಎಂದಿರುವವುಗಳಲ್ಲಿ ಟೆಸ್ಟ್ ಪ್ಲಾನ್‌ನ ಪಾಲು ಯಾವುದಕ್ಕೆ ಹೆಚ್ಚೋ ಅದರಿಂದ ಶುರು ಮಾಡಿ, ಆಮೇಲೆ ‘ಹತ್ತಿರ’ದವು, ‘ಮೇಲೆ’ ಇರುವವನ್ನು ಬೆರೆಸಿದ ಪ್ರಶ್ನೆಗಳಲ್ಲಿ ಕಾಪಾಡಿಕೊಂಡರೆ ಸಾಕು. ಎರಡನೆಯ ಸಲಕ್ಕೆ ಹಳೆಯ ಪ್ರಶ್ನೆಬ್ಯಾಂಕನ್ನೇ ತಿರುವಿದರೆ ಉತ್ತರಗಳು ನೆನಪಿನಿಂದ ಬಂದು ಅಂಕ ಸುಳ್ಳಾಗಿ ಏರುತ್ತದೆ. ಆಗ ಮಾತ್ರ ಬೇರೆ ಬ್ಯಾಂಕಿಗೆ ದುಡ್ಡು ಹಾಕಿ.